ಸೂಕ್ಷ್ಮತರಂಗಗಳ ಸಾಧಕಿ ರಾಜೇಶ್ವರಿ ಚಟರ್ಜಿ

ಕರ್ನಾಟಕದ ಪ್ರಥಮ ಮಹಿಳಾ ಇಂಜಿನಿಯರ್ ಎಂದು ಗುರುತಿಸಲಾಗುವ ಡಾ. ರಾಜೇಶ್ವರಿ ಚಟರ್ಜಿ (1922-2010) ತಂತ್ರಜ್ಞಾನ ಕ್ಷೇತ್ರಕ್ಕೆ ಬಂದದ್ದು ಗಣಿತದ ಬಾಗಿಲಿನಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಮಾರು ಮೂರು ದಶಕಗಳ ಕಾಲ ಬೋಧಿಸಿ, ಮೈಕ್ರೋವೇವ್ ಸಂಶೋಧನೆಗೆ ಭದ್ರ ಬುನಾದಿ ಹಾಕಿದ ಅವರು, ಪುರುಷರೇ ತುಂಬಿದ್ದ ವಿಭಾಗವೊಂದರ ಮುಖ್ಯಸ್ಥೆಯ ಸ್ಥಾನಕ್ಕೇರಿದವರು. ಈ ಏರಿಕೆಯ ಹಿಂದೆ ಅವರ ಪ್ರತಿಭೆಯಷ್ಟೇ ಮುಖ್ಯವಾಗಿ, ಸಕಾಲದಲ್ಲಿ ದೊರೆತ ಶಿಕ್ಷಣ ಹಾಗೂ ವಿದ್ಯಾರ್ಥಿವೇತನಗಳೂ ಇದ್ದವು.

ಅಜ್ಜಿಯ ಶಾಲೆಯಿಂದ ಸೆಂಟ್ರಲ್ ಕಾಲೇಜಿಗೆ

ರಾಜೇಶ್ವರಿ ಜನಿಸಿದ್ದು 1922ರ ಜನವರಿ 24ರಂದು. ಅಜ್ಜಿ ಕಮಲಮ್ಮ ದಾಸಪ್ಪ ಹಳೆಯ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರ ಹಾಗೂ ಪರಿತ್ಯಕ್ತೆಯರ ಶಿಕ್ಷಣಕ್ಕಾಗಿ ದುಡಿದ ಅವರೇ ಸ್ಥಾಪಿಸಿದ ಶಾಲೆಯಲ್ಲಿ ಮೊಮ್ಮಗಳ ಪ್ರಾಥಮಿಕ ಶಿಕ್ಷಣ ನಡೆಯಿತು. ಹೆಣ್ಣುಮಕ್ಕಳ ಓದು ಅಕ್ಷರ ಕಲಿಕೆಗೇ ನಿಲ್ಲುತ್ತಿದ್ದ ಕಾಲದಲ್ಲಿ ಓದನ್ನು ಮುಂದುವರಿಸುವುದು ಈ ಮನೆಯಲ್ಲಿ ಸಹಜವಾಗಿತ್ತು.

ಪ್ರೌಢಶಿಕ್ಷಣದ ಬಳಿಕ ಇತಿಹಾಸದತ್ತ ಮನಸ್ಸು ವಾಲಿದ್ದರೂ ಅವರು ಆರಿಸಿಕೊಂಡದ್ದು ಭೌತಶಾಸ್ತ್ರ ಮತ್ತು ಗಣಿತವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಬಿ.ಎಸ್ಸಿ. ಆನರ್ಸ್ ಹಾಗೂ ಎಂ.ಎಸ್ಸಿ. ಓದಿ, ಎರಡರಲ್ಲೂ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಪ್ರಥಮರಾದರು. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿನ ಪುರಸ್ಕಾರವೂ ಅವರಿಗೆ ಸಂದಿತು.

ವಿಜ್ಞಾನ ಸಂಸ್ಥೆಯ ಪ್ರವೇಶ

1943ರಲ್ಲಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ತಂತ್ರಜ್ಞಾನ ವಿಭಾಗಕ್ಕೆ ಸಂಶೋಧನಾ ವಿದ್ಯಾರ್ಥಿನಿಯಾಗಿ ಸೇರಿದರು. ಆಯ್ದುಕೊಂಡ ಕ್ಷೇತ್ರ ಸಂವಹನ. ಈ ಪ್ರವೇಶದ ಮಹತ್ವ ತಿಳಿಯಲು ಹತ್ತು ವರ್ಷ ಹಿಂದಕ್ಕೆ ನೋಡಬೇಕು. 1933ರಲ್ಲಿ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಇದೇ ಸಂಸ್ಥೆಗೆ ಅರ್ಜಿ ಹಾಕಿದಾಗ, ಮಹಿಳೆ ಎಂಬ ಕಾರಣಕ್ಕೆ ನಿರ್ದೇಶಕ ಸರ್ ಸಿ.ವಿ. ರಾಮನ್ ಮೊದಲು ನಿರಾಕರಿಸಿ, ಬಳಿಕ ಷರತ್ತುಗಳ ಮೇಲೆ ಸೇರಿಸಿಕೊಂಡಿದ್ದರು. ಇನ್ನು ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಿಂದ ದೇಶದ ಮೊದಲ ಕೆಲವು ಮಹಿಳಾ ಇಂಜಿನಿಯರುಗಳು ಹೊರಬಂದದ್ದು 1940ರ ದಶಕದ ಮೊದಲರ್ಧದಲ್ಲಿ. ವಿದ್ಯುತ್ ತಂತ್ರಜ್ಞಾನವನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಹೆಣ್ಣುಮಗಳಿಗೆ ಮೇಲ್ಪಂಕ್ತಿಯೇ ಇರಲಿಲ್ಲವೆನ್ನಬಹುದು.

ಮಿಷಿಗನ್ ವರ್ಷಗಳು

ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಧಿಕಾರ ಹಸ್ತಾಂತರದ ಸಂಧಿಕಾಲದಲ್ಲಿ, ಪ್ರತಿಭಾವಂತರನ್ನು ವಿದೇಶಕ್ಕೆ ಕಳುಹಿಸುವ ವಿದ್ಯಾರ್ಥಿವೇತನ ಯೋಜನೆಯನ್ನು ಸರಕಾರ ಕೈಗೊಂಡಿತು. ಎಲೆಕ್ಟ್ರಾನಿಕ್ಸ್ ವಿಷಯಕ್ಕೆ ಅರ್ಜಿ ಸಲ್ಲಿಸಿದ ರಾಜೇಶ್ವರಿ 1946ರಲ್ಲಿ ಆಯ್ಕೆಯಾಗಿ, ಮರುವರ್ಷ ಹಡಗಿನಲ್ಲಿ ಅಮೆರಿಕಕ್ಕೆ ಪ್ರಯಾಣ ಬೆಳೆಸಿದರು. ಆಗ ಅವರಿಗೆ ಇಪ್ಪತ್ತೈದು ವರ್ಷ, ಅವಿವಾಹಿತೆ.

ಆನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿ ಪಡೆದ ಅವರು, ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ರೇಡಿಯೊ ಆವರ್ತನ ಮಾಪನದ ಪ್ರಾಯೋಗಿಕ ತರಬೇತಿಯನ್ನೂ ಪೂರೈಸಿದರು. ಬಳಿಕ ಏಷ್ಯಾದ ಮಹಿಳೆಯರಿಗೆ ಮೀಸಲಾದ ಬಾರ್ಬರ್ ವಿದ್ಯಾರ್ಥಿವೇತನದ ನೆರವಿನಿಂದ ಅದೇ ವಿಶ್ವವಿದ್ಯಾನಿಲಯಕ್ಕೆ ಮರಳಿ, ಪ್ರೊ. ವಿಲಿಯಂ ಡೌ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1953ರ ಆರಂಭದಲ್ಲಿ ಪಿಎಚ್.ಡಿ. ಗಳಿಸಿದರು.

ಪ್ರಯೋಗಾಲಯ ಕಟ್ಟಿದ ಬಗೆ

ಅದೇ ವರ್ಷ ಸ್ವದೇಶಕ್ಕೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ಇಂಜಿನಿಯರಿಂಗ್ ವಿಭಾಗದಲ್ಲಿ ಬೋಧಕಿಯಾದರು. ಆ ವಿಭಾಗದವರೇ ಆದ ಶಿಶಿರ್ ಕುಮಾರ್ ಚಟರ್ಜಿ ಅವರನ್ನು ವಿವಾಹವಾದದ್ದೂ 1953ರಲ್ಲಿಯೇ. ದಂಪತಿಗಳು ಕೂಡಿ ಸಂಸ್ಥೆಯಲ್ಲಿ ಮೈಕ್ರೋವೇವ್ ಸಂಶೋಧನೆಗೆ ಪ್ರಯೋಗಾಲಯ ಕಟ್ಟಿದರು.

ಮೈಕ್ರೋವೇವ್ ಅಥವಾ ಸೂಕ್ಷ್ಮತರಂಗಗಳೆಂದರೆ ಸ್ಥೂಲವಾಗಿ ಒಂದು ಮೀಟರಿನಿಂದ ಒಂದು ಮಿಲಿಮೀಟರಿನವರೆಗೆ ಉದ್ದವಿರುವ ವಿದ್ಯುತ್ಕಾಂತೀಯ ತರಂಗಗಳು. ಇವುಗಳ ಆವರ್ತನ ಬಹಳ ಹೆಚ್ಚಾದ್ದರಿಂದ ಸಾಮಾನ್ಯ ತಂತಿಯಲ್ಲಿ ಸಾಗಿಸಿದರೆ ಶಕ್ತಿ ಸೋರಿಹೋಗುತ್ತದೆ. ಆದಕಾರಣ ತರಂಗಗಳನ್ನು ಲೋಹದ ಟೊಳ್ಳು ಕೊಳವೆಗಳಲ್ಲಿ ಒಯ್ದು, ಆಂಟೆನಾ ಮೂಲಕ ನಿಗದಿತ ದಿಕ್ಕಿಗೆ ಹರಿಸಬೇಕು. ಯುದ್ಧಕಾಲದಲ್ಲಿ ರಾಡಾರ್ ಮೂಲಕ ತನ್ನ ಶಕ್ತಿ ತೋರಿದ್ದ ಈ ವಿದ್ಯೆ ಭಾರತದಲ್ಲಿ ಆಗಿನ್ನೂ ಶೈಶವದಲ್ಲಿತ್ತು. ಕೊಳವೆಯೊಳಗಣ ತರಂಗದ ಚಲನೆಯನ್ನು ಅರಿಯಲು ಕಠಿಣ ಸಮೀಕರಣಗಳನ್ನು ಬಿಡಿಸಬೇಕಾಗಿದ್ದು, ರಾಜೇಶ್ವರಿ ಅವರ ಗಣಿತಜ್ಞಾನ ಇಲ್ಲಿ ಕೈಹಿಡಿಯಿತು.

ವಿದ್ಯುತ್ಕಾಂತ ಸಿದ್ಧಾಂತ, ಎಲೆಕ್ಟ್ರಾನ್ ನಳಿಕೆಗಳ ಮಂಡಲ, ಮೈಕ್ರೋವೇವ್ ತಂತ್ರಜ್ಞಾನ ಮತ್ತು ರೇಡಿಯೊ ಇಂಜಿನಿಯರಿಂಗ್ ವಿಷಯಗಳನ್ನು ಅವರು ಬೋಧಿಸಿದರು. ಪ್ರಾಧ್ಯಾಪಕರಾಗಿ, ವಿಭಾಗದ ಮುಖ್ಯಸ್ಥರಾಗಿ ಕಾರ್ಯನಿರ್ವಹಿಸಿದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ಪ್ರಕಟಿಸಿದ ಸಂಶೋಧನಾ ಪ್ರಬಂಧಗಳು ನೂರಕ್ಕೂ ಹೆಚ್ಚು. ಬ್ರಿಟನ್ನಿನ ಮೌಂಟ್‌ಬ್ಯಾಟನ್ ಬಹುಮಾನ, ಜೆ.ಸಿ. ಬೋಸ್ ಸ್ಮಾರಕ ಬಹುಮಾನ ಮತ್ತು ರಾಮ್‌ಲಾಲ್ ವಾಧ್ವಾ ಪ್ರಶಸ್ತಿಗಳು ಅವರನ್ನರಸಿ ಬಂದವು.

ನಿವೃತ್ತಿಯ ನಂತರ

1982ರಲ್ಲಿ ನಿವೃತ್ತರಾದ ಅವರು ವಿಶ್ರಾಂತಿಗೆ ಮೊರೆಹೋಗಲಿಲ್ಲ. ಮಹಿಳಾ ಅಧ್ಯಯನದ ಭಾರತೀಯ ಸಂಘದ ಕಾರ್ಯದಲ್ಲಿ ತೊಡಗಿಕೊಂಡರು. ಒಬ್ಬ ಮಹಿಳೆ ಮೇಲೇರಿದ ಮಾತ್ರಕ್ಕೆ ಉಳಿದವರ ದಾರಿ ತಾನಾಗಿ ತೆರೆದುಕೊಳ್ಳುವುದಿಲ್ಲ. ಅಜ್ಜಿಯ ಶಾಲೆ ಹಿಡಿದ ಕೆಲಸ ಮುಗಿದಿಲ್ಲವೆಂಬ ಅರಿವೇ ಈ ತಿರುವಿನಲ್ಲಿ ಕಾಣುತ್ತದೆ. 'ಎಲಿಮೆಂಟ್ಸ್ ಆಫ್ ಮೈಕ್ರೋವೇವ್ ಇಂಜಿನಿಯರಿಂಗ್', 'ಆಂಟೆನಾ ಥಿಯರಿ ಅಂಡ್ ಪ್ರಾಕ್ಟೀಸ್' ಮುಂತಾದ ಪಠ್ಯಗಳ ಜೊತೆಗೆ 'ಎ ಥೌಸಂಡ್ ಸ್ಟ್ರೀಮ್ಸ್' ಎಂಬ ಆತ್ಮಕಥನವನ್ನೂ ಅವರು ರಚಿಸಿದ್ದಾರೆ.

ಪತಿ 1994ರಲ್ಲಿ ತೀರಿಕೊಂಡರು. ಪುತ್ರಿ ಇಂದಿರಾ ಚಟರ್ಜಿ ತಾಯಿಯ ಹಾದಿಯಲ್ಲಿಯೇ ನಡೆದು ಅಮೆರಿಕದ ನೆವಾಡಾ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಇಂಜಿನಿಯರಿಂಗ್ ಪ್ರಾಧ್ಯಾಪಕಿಯಾದರು. 2010ರ ಸೆಪ್ಟೆಂಬರ್ 3ರಂದು, ತಮ್ಮ 88ನೇ ವಯಸ್ಸಿನಲ್ಲಿ ರಾಜೇಶ್ವರಿ ನಿಧನರಾದರು. ಅವರು ನೆಟ್ಟ ಮೈಕ್ರೋವೇವ್ ಸಂಶೋಧನೆಯ ಸಸಿ ಅವರ ಶಿಷ್ಯರ ಮೂಲಕ ಬೆಳೆದು ಕವಲೊಡೆಯಿತು.