ಕರ್ಣಾಟಕದ ಉದ್ಯಾನಗಳೂ ಅಭಯವನಗಳೂ: ಪ್ರವೇಶಾಧಿಕಾರದ ಚರಿತ್ರೆ

ರಜಾದಿನಗಳಲ್ಲಿ ಬೆಂಗಳೂರಿನ ಲಾಲ್‌ಬಾಗು, ಮೈಸೂರಿನ ಮೃಗಾಲಯ, ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಮೊದಲಾದ ಸ್ಥಳಗಳಲ್ಲಿ ತಂದೆತಾಯಿಗಳ ಕೈ ಹಿಡಿದು ಬರುವ ಮಕ್ಕಳ ಸಮೂಹವೇ ಪ್ರಧಾನವಾಗಿ ಕಾಣಬರುವುದು. ಈ ವಾಡಿಕೆಯು ಹಿಂದಿನಿಂದಲೂ ನಡೆದು ಬಂದುದೆಂದು ಜನರು ಭಾವಿಸುವುದು ಸಹಜವೇ. ಆದರೆ ಚರಿತ್ರೆಯನ್ನು ಪರಿಶೀಲಿಸಿದಲ್ಲಿ ಈ ಸ್ಥಳಗಳಲ್ಲಿ ಒಂದಾದರೂ ಮೊದಲಿಗೆ ಮಕ್ಕಳಿಗಾಗಿ ನಿರ್ಮಿತವಾದುದಲ್ಲವೆಂಬುದು ವಿದಿತವಾಗುವುದು. ಒಂದು ಪ್ರಭುವಿನ ವಿಹಾರಕ್ಕಾಗಿ, ಮತ್ತೊಂದು ಅರಮನೆಯವರ ವಿನೋದಕ್ಕಾಗಿ ಹುಟ್ಟಿತು. ಮೂರನೆಯದು ಗದ್ದೆಗಳಿಗೆ ನೀರು ಹರಿಸಲು ಕಟ್ಟಿದ ಅಣೆಯ ಆನುಷಂಗಿಕ ಫಲ. ಹೀಗಿರಲು, ಇವುಗಳ ದ್ವಾರಗಳು ಯಾವ ಕ್ರಮದಲ್ಲಿ ತೆರೆದುವು, ತೆರೆದಾಗ ಯಾರು ಒಳಗಾದರು, ಯಾರು ಹೊರಗಾದರು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಭಾರತೀಯ ಶಾಸ್ತ್ರಗ್ರಂಥಗಳಲ್ಲಿ ಈ ವಿಷಯಕ್ಕೆ ಅತ್ಯಂತ ಸ್ಪಷ್ಟವಾದ ಆಧಾರವು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೊರೆಯುವುದು. ಅದರ ಎರಡನೆಯ ಅಧಿಕರಣದಲ್ಲಿ, ಸಾಗುವಳಿಗೆ ಒದಗದ ಭೂಮಿಯ ವಿನಿಯೋಗವನ್ನು ಹೇಳುವ ಸಂದರ್ಭದಲ್ಲಿ, ಎರಡು ಬಗೆಯ ಮೃಗವನಗಳು ವಿಧಿಸಲ್ಪಟ್ಟಿವೆ. ಮೊದಲನೆಯದು ರಾಜನ ವಿಹಾರಾರ್ಥವಾದುದು. ಅದಕ್ಕೆ ಒಂದೇ ಬಾಗಿಲು. ಸುತ್ತಲೂ ಕಂದಕದ ರಕ್ಷಣೆ. ಒಳಗೆ ಸಿಹಿಹಣ್ಣಿನ ಗಿಡಗಳು, ಮುಳ್ಳಿಲ್ಲದ ಮರಗಳು, ಆಳವಿಲ್ಲದ ಕೊಳ, ಪಳಗಿದ ಪ್ರಾಣಿಗಳು, ಉಗುರು ಕೋರೆಗಳನ್ನು ಕಿತ್ತ ಕ್ರೂರಮೃಗಗಳು. ಎರಡನೆಯದು ನಾಡಿನ ಗಡಿಯಲ್ಲಿರಬೇಕಾದುದು. ಅಲ್ಲಿ ಸಕಲ ಮೃಗಗಳೂ ಅತಿಥಿಗಳು. ಇದಲ್ಲದೆ ಅಭಯವನದಲ್ಲಿ ವಾಸಿಸುವ ಮೃಗ, ಪಶು, ಪಕ್ಷಿ, ಮತ್ಸ್ಯಗಳನ್ನು ಹಿಡಿಯುವವರಿಗೂ ಕೊಲ್ಲುವವರಿಗೂ ಉತ್ತಮದಂಡವನ್ನು ವಿಧಿಸಬೇಕೆಂದು ಅದೇ ಅಧಿಕರಣದ ಸೂನಾಧ್ಯಕ್ಷ ಪ್ರಕರಣದಲ್ಲಿ ಹೇಳಿದೆ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮುಳ್ಳಿಲ್ಲದ ಮರ, ಆಳವಿಲ್ಲದ ನೀರು, ಸಾಧುಪ್ರಾಣಿ ಎಂಬ ಲಕ್ಷಣಗಳು ಇಂದಿನ ಬಾಲೋದ್ಯಾನಕ್ಕೆ ಅಕ್ಷರಶಃ ಹೊಂದುವುವು. ರಾಜನಿಗೆ ಬೇಕಾದ ನಿರ್ಭೀತಿಯೂ ಶಿಶುವಿಗೆ ಬೇಕಾದ ನಿರ್ಭೀತಿಯೂ ಒಂದೇ. ಎರಡನೆಯದಾಗಿ, ಮನುಷ್ಯನು ಅನುಭವಿಸುವ ವನವೂ ಮೃಗವು ಬಾಳುವ ವನವೂ ಬೇರೆ ಬೇರೆಯೆಂದು ಶಾಸ್ತ್ರಕಾರನು ತಿಳಿದಿದ್ದನು. ಒಂದರಲ್ಲಿ ಮೃಗದ ಉಗುರನ್ನು ಕೀಳುವರು. ಇನ್ನೊಂದರಲ್ಲಿ ಮನುಷ್ಯನ ಕೈಯನ್ನು ಕಟ್ಟುವರು. ಮುಂದಿನ ಚರಿತ್ರೆಯೆಲ್ಲವೂ ಈ ಎರಡರ ನಡುವಣ ಭೇದವನ್ನು ಅನುಸರಿಸಿಯೇ ನಡೆದಿದೆ.

ಅಶೋಕನು ಪಟ್ಟಾಭಿಷೇಕವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಬರೆಸಿದ ಐದನೆಯ ಸ್ತಂಭಶಾಸನದಲ್ಲಿ ಗಿಳಿ, ಗೊರವಂಕ, ಚಕ್ರವಾಕ, ಹಂಸ ಮುಂತಾದ ಅನೇಕ ಪ್ರಾಣಿಗಳು ಅವಧ್ಯಗಳೆಂದು ಸಾರಿರುವನು. ಆರು ತಿಂಗಳೊಳಗಿನ ಮರಿಗಳನ್ನು ಕೊಲ್ಲಬಾರದೆಂದೂ ನಿಷ್ಕಾರಣವಾಗಿ ಕಾಡಿಗೆ ಬೆಂಕಿಯಿಡಬಾರದೆಂದೂ ಅದರಲ್ಲಿದೆ. ಕರ್ಣಾಟಕದಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದ ಬ್ರಹ್ಮಗಿರಿಯ ಶಾಸನದಲ್ಲಿ ಮಾತಾಪಿತೃಗಳ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಎಂಬ ಧರ್ಮಗಳು ಒಟ್ಟಿಗೆ ಹೇಳಲ್ಪಟ್ಟಿವೆ. ಮನೆಯಲ್ಲಿ ಕಲಿಯತಕ್ಕ ವಿನಯವೂ ವನದಲ್ಲಿ ತೋರತಕ್ಕ ದಯೆಯೂ ಒಂದೇ ಪಾಠದ ಎರಡು ಭಾಗಗಳೆಂಬುದು ಈ ನಾಡಿನ ಬಂಡೆಯ ಮೇಲೆಯೇ ಕೆತ್ತಲ್ಪಟ್ಟಿದೆಯೆಂದು ಹೇಳಬಹುದು.

ಮಧ್ಯಕಾಲಕ್ಕೆ ಬಂದರೆ, ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ವನವಿಹಾರವೂ ಒಂದಾಗಿರುವುದರಿಂದ ಕನ್ನಡ ಚಂಪೂಕವಿಗಳೂ ಉಪವನಗಳನ್ನು ವಿಸ್ತಾರವಾಗಿ ಬಣ್ಣಿಸಿರುವರು. ೧೧೨೬ರಿಂದ ೧೧೩೮ರ ವರೆಗೆ ಆಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ವನಕ್ರೀಡೆಯನ್ನು ರಾಜಭೋಗಗಳಲ್ಲಿ ಸೇರಿಸಿರುವನು. ಸುಮಾರು ೧೦೨೫ರಲ್ಲಿ ಚಾವುಂಡರಾಯನು ರಚಿಸಿದ ಲೋಕೋಪಕಾರದಲ್ಲಿ ವೃಕ್ಷಾಯುರ್ವೇದವು ನಿರೂಪಿತವಾಗಿದೆ. ಈ ಗ್ರಂಥಗಳಿಂದ ಉದ್ಯಾನವಿದ್ಯೆಯು ಕರ್ಣಾಟಕದಲ್ಲಿ ಪ್ರೌಢವಾಗಿತ್ತೆಂಬುದು ಸಿದ್ಧವಾಗುವುದು. ಆದರೆ ಕಾವ್ಯದ ಉಪವನವು ಅರಸನಿಗೂ ಅವನ ಪರಿವಾರಕ್ಕೂ ಮೀಸಲಾದುದು. ಒಕ್ಕಲಿಗನ ಮಗುವಿಗೆ ಅಲ್ಲಿ ಸ್ಥಳವಿರಲಿಲ್ಲ.

ಹಾಗೆಂದ ಮಾತ್ರಕ್ಕೆ ಆ ಮಗುವಿಗೆ ವನವೇ ಇರಲಿಲ್ಲವೆಂದು ಹೇಳುವುದು ತಪ್ಪಾದೀತು. ಮೈಸೂರು ಸೀಮೆಯ ಗ್ರಾಮಗಳಲ್ಲಿ ಗುಂಡುತೋಪೆಂಬ ಸಾಮುದಾಯಿಕ ಮರದೋಪು ಇರುತ್ತಿತ್ತು. ಮಾವು, ಹುಣಿಸೆ, ಹೊಂಗೆ, ನೇರಳೆ, ಹಲಸುಗಳ ನೆರಳಿನಲ್ಲಿ ದಾರಿಗರು ತಂಗುವರು, ದನಗಳು ಮಲಗುವುವು, ಹುಡುಗರು ಮರಕೋತಿಯಾಡುವರು. ಕೊಡಗಿನಲ್ಲಿ ಸಾವಿರಕ್ಕೂ ಮಿಕ್ಕ ದೇವರಕಾಡುಗಳು ಗ್ರಾಮದೇವತೆಗಳ ಹೆಸರಿನಲ್ಲಿ ರಕ್ಷಿತವಾಗಿ ಬಂದಿವೆ. ಕೌಟಿಲ್ಯನು ಹೇಳಿದ ಎರಡು ಬಗೆಗಳು ಹಳ್ಳಿಯಲ್ಲಿ ಶಾಸ್ತ್ರದ ಹಂಗಿಲ್ಲದೆಯೇ ಇದ್ದುವು: ತೋಪು ಆಡುವುದಕ್ಕೆ, ದೇವರಕಾಡು ಮುಟ್ಟದೆ ಬಿಡುವುದಕ್ಕೆ. ಗ್ರಾಮದ ಮಗುವು ಈ ಭೇದವನ್ನು ನಡೆದಾಡಿಯೇ ಕಲಿಯುತ್ತಿತ್ತು.

ಇನ್ನು ಲಾಲ್‌ಬಾಗಿನ ವೃತ್ತಾಂತ. ೧೭೬೦ರಲ್ಲಿ ಹೈದರಾಲಿಯು ಸುಮಾರು ೪೦ ಎಕರೆಯಲ್ಲಿ ಈ ತೋಟವನ್ನು ಆರಂಭಿಸಿದನು. ಟೀಪುವು ಹೊರನಾಡುಗಳಿಂದ ಸಸಿ ಬೀಜಗಳನ್ನು ತರಿಸಿ ಬೆಳೆಸಿದನು. ೧೮೦೦ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ತೋಟಗಳು ಚೌಕ ಮಡಿಗಳಾಗಿ ವಿಭಾಗಿಸಲ್ಪಟ್ಟುದನ್ನೂ, ನಡುವಣ ದಾರಿಗಳ ಅಂಚಿನಲ್ಲಿ ಸೈಪ್ರೆಸ್ ಮರಗಳಿದ್ದುದನ್ನೂ, ಗುಲಾಬಿಗೊಂದು ದಾಳಿಂಬೆಗೊಂದು ಎಂದು ಒಂದೊಂದು ಜಾತಿಗೆ ಒಂದೊಂದು ಮಡಿಯಿದ್ದುದನ್ನೂ ಬರೆದಿರುವನು. ೧೮೫೬ರಲ್ಲಿ ಇದು ಸರಕಾರದ ಸಸ್ಯೋದ್ಯಾನವಾಯಿತು. ೧೮೭೪ರಲ್ಲಿ ಬಂದ ಜಾನ್ ಕ್ಯಾಮೆರಾನ್ ಎಂಬ ಸೂಪರಿಂಟೆಂಡೆಂಟರ ಕಾಲದಲ್ಲಿ, ೧೮೮೯ರ ನವೆಂಬರ್ ೩೦ರಂದು ಗಾಜಿನ ಮನೆಗೆ ಅಸ್ತಿಭಾರ ಬಿದ್ದಿತು. ಬೆಂಗಳೂರಿನ ಅಡಿಗೆಮನೆಗಳಿಗೆ ಸೀಮೆಬದನೆಯನ್ನು ಪರಿಚಯಿಸಿದವರು ಇವರೇ ಎಂದು ಪ್ರಸಿದ್ಧಿಯುಂಟು. ೧೯೦೮ರಿಂದ ೧೯೩೨ರ ವರೆಗೆ ಜರ್ಮನಿಯವರಾದ ಜಿ. ಎಚ್. ಕ್ರುಂಬಿಗಲ್ಲರೂ, ಬಳಿಕ ಎಚ್. ಸಿ. ಜವರಾಯರೂ, ೧೯೫೧ರಿಂದ ಎಂ. ಎಚ್. ಮರಿಗೌಡರೂ ಅಧಿಕಾರ ವಹಿಸಿದರು. ಆದಿಯಲ್ಲಿ ೪೦ ಎಕರೆಯಿದ್ದುದು ಕ್ರಮವಾಗಿ ೨೪೦ ಎಕರೆಯಾಯಿತು.

ಇಲ್ಲಿ ಒಂದು ಪರಿವರ್ತನೆಯು ಸದ್ದಿಲ್ಲದೆ ನಡೆದುದನ್ನು ಕಾಣಬಹುದು. ಪ್ರಭುವಿನ ತೋಟವು ವಿದ್ವಾಂಸರ ಸಸ್ಯಶಾಲೆಯಾಯಿತು. ಗಿಡದ ಹೆಸರು ತಿಳಿಯುವುದಕ್ಕಾಗಿ ಬಂದವರ ಬೆನ್ನ ಹಿಂದೆ ಗಿಡದ ನೆರಳಿಗಾಗಿ ಬಂದವರೂ ಒಳಹೊಕ್ಕರು. ಫಲಪುಷ್ಪ ಪ್ರದರ್ಶನಗಳು ರೂಢವಾದ ಮೇಲೆ ಜನಸಾಮಾನ್ಯರು ಸಂಸಾರ ಸಮೇತರಾಗಿ ಬರಲಾರಂಭಿಸಿದರು. ಕೆಂಪೇಗೌಡನ ಗೋಪುರವಿರುವ ಅಲ್ಲಿಯ ಹಾಸುಬಂಡೆಯು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪ್ರಾಚೀನವೆಂದು ಭೂಶಾಸ್ತ್ರಜ್ಞರು ನಿರ್ಣಯಿಸಿರುವರು. ಮಕ್ಕಳು ಓಡಿ ಹತ್ತುವ ಆ ಕಲ್ಲಿಗಿಂತ ಹಳೆಯದಾದ ಪಾಠಪುಸ್ತಕವು ಯಾವ ಪಾಠಶಾಲೆಯಲ್ಲಿಯೂ ಇಲ್ಲ.

ಕಬ್ಬನ್ ಉದ್ಯಾನದ ಹುಟ್ಟು ಬೇರೆ ತೆರನಾದುದು. ೧೮೭೦ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರಾಗಿದ್ದ ರಿಚರ್ಡ್ ಸ್ಯಾಂಕಿಯು ಇದನ್ನು ಸುಮಾರು ೧೦೦ ಎಕರೆಯಲ್ಲಿ ರೂಪಿಸಿದನು. ಮೊದಲು ಇದಕ್ಕೆ ಮೀಡ್ ಪಾರ್ಕೆಂದು ಹೆಸರು. ಆಮೇಲೆ ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಹೆಸರು ರೂಢಿಗೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಳ್ವಿಕೆಯ ರಜತೋತ್ಸವದ ಸ್ಮರಣಾರ್ಥವಾಗಿ ೧೯೨೭ರಲ್ಲಿ ಶ್ರೀ ಚಾಮರಾಜೇಂದ್ರ ಉದ್ಯಾನವೆಂಬ ನಾಮಕರಣವಾದರೂ ಜನರ ಬಾಯಿಯಲ್ಲಿ ಹಳೆಯ ಹೆಸರೇ ಉಳಿಯಿತು. ಈ ಉದ್ಯಾನದೊಳಗೆ ಬಾಲಭವನವು ಏರ್ಪಟ್ಟಾಗ, ಅಧಿಕಾರಿಗಳ ಸಂಜೆಯ ಸಂಚಾರಕ್ಕಾಗಿ ಹುಟ್ಟಿದ ನೆಲದಲ್ಲಿ ಮಕ್ಕಳಿಗೇ ಮೀಸಲಾದ ಒಂದು ಭಾಗವು ಮೊದಲ ಬಾರಿಗೆ ಗುರುತಿಸಲ್ಪಟ್ಟಂತಾಯಿತು.

ಮೈಸೂರಿನ ಮೃಗಾಲಯವನ್ನು ೧೮೯೨ರಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರವರು ಸ್ಥಾಪಿಸಿದರು. ಅದು ಅರಮನೆಯ ಸ್ವತ್ತಾಗಿದ್ದು, ೧೯೦೨ರಲ್ಲಿ ಸಾರ್ವಜನಿಕರಿಗೆ ತೆರೆಯಲ್ಪಟ್ಟು, ೧೯೦೯ರಲ್ಲಿ ಶ್ರೀ ಚಾಮರಾಜೇಂದ್ರ ಮೃಗಾಲಯವೆಂಬ ಹೆಸರನ್ನು ಪಡೆದು, ೧೯೪೮ರಲ್ಲಿ ಸರಕಾರಕ್ಕೆ ಸೇರಿತು. ಲಂಡನ್ನಿನ ಮೃಗಾಲಯವು ೧೮೨೮ರಲ್ಲಿ ಆರಂಭವಾಗಿ ೧೮೪೭ರಲ್ಲಿ ಮಾತ್ರ ಸಾರ್ವಜನಿಕರಿಗೆ ತೆರೆದುದನ್ನು ಇದರೊಡನೆ ಹೋಲಿಸಿದರೆ, ಅಲ್ಲಿ ಹತ್ತೊಂಬತ್ತು ವರ್ಷ ಹಿಡಿದುದು ಇಲ್ಲಿ ಹತ್ತು ವರ್ಷಗಳಲ್ಲಿ ಆಯಿತೆಂಬುದು ತಿಳಿಯುವುದು. ಹಳ್ಳಿಯಿಂದ ದಸರೆಗೆ ಬಂದವರು ಅರಮನೆಯನ್ನು ನೋಡಿದ ಮೇಲೆ ಮಕ್ಕಳಿಗೆ ಹುಲಿ ಸಿಂಹಗಳನ್ನು ತೋರಿಸಿಯೇ ಊರಿಗೆ ಹಿಂದಿರುಗುವ ಸಂಪ್ರದಾಯವು ಹೀಗೆ ಬೆಳೆಯಿತು.

ಈ ವರೆಗೆ ಹೇಳಿದ ಮೂರೂ ರಾಜವಿಹಾರದ ವರ್ಗಕ್ಕೆ ಸೇರಿದುವು. ರಂಗನತಿಟ್ಟು ಆ ವರ್ಗದ್ದಲ್ಲ. ಹದಿನೇಳನೆಯ ಶತಮಾನದ ನಡುವೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಅಣೆಯಿಂದ ನಡುಗಡ್ಡೆಗಳು ಏರ್ಪಟ್ಟುವು. ಬಣ್ಣದ ಕೊಕ್ಕರೆ, ಬಾಯ್ಕಳಕ, ಬೆಳ್ಳಕ್ಕಿ, ನೀರುಕಾಗೆಗಳು ಅಲ್ಲಿ ಗೂಡುಕಟ್ಟಿದುವು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ ಬಂದ ಸಲೀಂ ಅಲಿಯವರ ಸಲಹೆಯಂತೆ ೧೯೪೦ರಲ್ಲಿ ಇದು ಪಕ್ಷಿಧಾಮವಾಯಿತು. ೨೦೨೨ರಲ್ಲಿ ರಾಮ್ಸಾರ್ ಒಪ್ಪಂದದ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಹರಿಯುವ ನೀರೇ ಇಲ್ಲಿ ಕಂದಕ, ಮೊಸಳೆಗಳೇ ಕಾವಲುಗಾರರು. ದೋಣಿಯಲ್ಲಿ ಕುಳಿತ ಮಗುವು ಗೂಡನ್ನು ನೋಡಬಹುದಲ್ಲದೆ ಮುಟ್ಟಲಾಗದು. ನೋಟಕ್ಕೂ ಸ್ಪರ್ಶಕ್ಕೂ ನಡುವೆ ಇರಬೇಕಾದ ಅಂತರವನ್ನು ನದಿಯೇ ಅಳೆದುಕೊಟ್ಟಿದೆ.

ಬಂಡೀಪುರದ ಕಾಡು ಅರಸರ ಬೇಟೆಯ ನೆಲವಾಗಿತ್ತು. ೧೯೩೧ರಲ್ಲಿ ಅದರ ೯೦ ಚದರ ಕಿಲೋಮೀಟರು ಪ್ರದೇಶವು ಅಭಯಾರಣ್ಯವಾಯಿತು. ಬಳಿಕ ವಿಸ್ತರಿಸಲ್ಪಟ್ಟು ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಿಂದ ವೇಣುಗೋಪಾಲ ವನ್ಯಜೀವಿ ಉದ್ಯಾನವೆನಿಸಿತು. ೧೯೭೩ರಲ್ಲಿ ಹುಲಿಯೋಜನೆಯ ಮೊದಲ ಒಂಬತ್ತು ಧಾಮಗಳಲ್ಲಿ ಒಂದಾಯಿತು. ೨೦೦೯ರಲ್ಲಿ ಈ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿಯ ವಾಹನಸಂಚಾರವು ನಿಷೇಧಿಸಲ್ಪಟ್ಟಿತು. ಬೇಟೆಗಾರನ ಕೋವಿಯನ್ನು ತಡೆದ ನಾಡು ಪ್ರಯಾಣಿಕನ ಅವಸರವನ್ನೂ ತಡೆಯಬೇಕಾಗಿ ಬಂದುದು ಇಲ್ಲಿ ವಿಶೇಷವಾಗಿ ಗಮನಾರ್ಹ.

ಆದರೆ ಈ ಚರಿತ್ರೆಗೆ ಮತ್ತೊಂದು ಮುಖವಿದೆ. ಅದನ್ನು ಮರೆಮಾಡುವುದು ಚರಿತ್ರಕಾರನ ಧರ್ಮವಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ಅನಂತರದ ದಶಕಗಳಲ್ಲಿ ನಾಗರಹೊಳೆ ಮುಂತಾದ ಕಾಡುಗಳಿಂದ ಜೇನುಕುರುಬ ಮೊದಲಾದ ಸಮುದಾಯಗಳ ಅನೇಕ ಸಂಸಾರಗಳು ಹೊರಕ್ಕೆ ಸಾಗಿಸಲ್ಪಟ್ಟುವು. ಪಟ್ಟಣದ ಮಗುವಿಗೆ ಯಾವ ಕಾಡಿನ ಬಾಗಿಲು ತೆರೆಯಿತೋ ಅದೇ ಕಾಡಿನ ಬಾಗಿಲು ಅಲ್ಲಿಯೇ ಹುಟ್ಟಿದ ಮಗುವಿಗೆ ಮುಚ್ಚಿತು. ಒಂದು ಮಗುವು ಚೀಟಿ ಕೊಂಡು ವಾಹನದಲ್ಲಿ ಕುಳಿತು ಆನೆಯನ್ನು ನೋಡಿ ಬರುವುದು. ಮತ್ತೊಂದು ಮಗುವಿನ ಅಜ್ಜನಿಗೆ ಆ ಆನೆಯ ಹೆಜ್ಜೆಯೇ ಅಕ್ಷರವಾಗಿತ್ತು. ೨೦೦೬ರ ಅರಣ್ಯಹಕ್ಕುಗಳ ಅಧಿನಿಯಮವು ಅರಣ್ಯವಾಸಿಗಳಿಗೆ ಚಾರಿತ್ರಿಕವಾಗಿ ಅನ್ಯಾಯವಾಯಿತೆಂಬುದನ್ನು ತಾನೇ ಒಪ್ಪಿಕೊಂಡಿದೆ.

ಈ ವಿರೋಧಕ್ಕೆ ಪರಿಹಾರವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಿಸೆಮರಗಳ ಮೇಲೆ ಗೂಡುಕಟ್ಟುವುವು. ಗ್ರಾಮಸ್ಥರು ಆ ಹಕ್ಕಿಗಳನ್ನು ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ಭಾವಿಸುವರು. ಹಿಕ್ಕೆಯು ಹೊಲಕ್ಕೆ ಗೊಬ್ಬರವಾಗುವುದು. ಅಲ್ಲಿ ಕಂದಕವೂ ಇಲ್ಲ, ಏಕದ್ವಾರವೂ ಇಲ್ಲ, ಮನುಷ್ಯರನ್ನು ಹೊರಗೆ ಕಳುಹಿಸಿದುದೂ ಇಲ್ಲ. ಅಲ್ಲಿಯ ಮಗುವು ಹಕ್ಕಿಯನ್ನು ನೋಡುವುದಕ್ಕಾಗಿ ಎಲ್ಲಿಗೂ ಹೋಗಬೇಕಾಗಿಲ್ಲ.

ಉದ್ಯಾನಗಳ ಬಾಗಿಲು ತೆರೆದುದಷ್ಟೇ ಸಾಲದೆಂಬುದಕ್ಕೆ ಇತ್ತೀಚಿನ ಶಾಸನಗಳೇ ಸಾಕ್ಷಿ. ಲಾಲ್‌ಬಾಗು, ಕಬ್ಬನ್ ಉದ್ಯಾನಗಳ ನೆಲವು ಕಟ್ಟಡಗಳಿಗೆ ತುತ್ತಾಗದಂತೆ ೧೯೭೫ರಲ್ಲಿ ಕರ್ಣಾಟಕ ಸರಕಾರಿ ಉದ್ಯಾನಗಳ ಸಂರಕ್ಷಣಾ ಅಧಿನಿಯಮವೂ, ಆಟದ ಬಯಲುಗಳೂ ತೆರಪಿನ ಜಾಗಗಳೂ ಉಳಿಯುವಂತೆ ೧೯೮೫ರಲ್ಲಿ ಮತ್ತೊಂದು ಅಧಿನಿಯಮವೂ ಬಂದುವು. ಅರಸನ ತೋಟಕ್ಕೆ ಅರಸನೇ ಕಾವಲು. ಎಲ್ಲರ ತೋಟಕ್ಕೆ ಕಾವಲಾಗಿ ನಿಲ್ಲಲು ಶಾಸನವೇ ಬೇಕಾಯಿತು. ಆದರೆ ಹಳ್ಳಿಯ ಗುಂಡುತೋಪುಗಳ ವಿಷಯದಲ್ಲಿ ಇಷ್ಟು ಎಚ್ಚರವು ಕಂಡುಬರಲಿಲ್ಲ. ಅವುಗಳಲ್ಲಿ ಎಷ್ಟೋ ಒತ್ತುವರಿಯಾಗಿಯೂ ನಿವೇಶನಗಳಾಗಿಯೂ ಕಣ್ಮರೆಯಾದುವು.

ಮೇಲಿನ ವಿಚಾರದಿಂದ ಸಿದ್ಧವಾಗುವುದಿಷ್ಟು. ಕೌಟಿಲ್ಯನು ಹೇಳಿದ ಎರಡು ವನಗಳನ್ನು ಒಂದೆಂದು ಭ್ರಮಿಸಬಾರದು. ಲಾಲ್‌ಬಾಗಿನಲ್ಲಿ ಮಗುವು ಯಜಮಾನ. ಅಲ್ಲಿ ಓಡಬಹುದು, ಕೂಗಬಹುದು, ಬಂಡೆಯನ್ನು ಹತ್ತಬಹುದು. ಬಂಡೀಪುರದಲ್ಲಿಯೂ ರಂಗನತಿಟ್ಟಿನಲ್ಲಿಯೂ ಮೃಗಪಕ್ಷಿಗಳೇ ಮನೆಯವರು, ಮಗುವೇ ಅತಿಥಿ. ಅಲ್ಲಿ ದನಿ ತಗ್ಗಿಸಬೇಕು. ಆಡುವುದಕ್ಕೆ ಸಮೀಪದಲ್ಲಿ ಸ್ಥಳವಿಲ್ಲದಾದಾಗ ಆಡುವವರೆಲ್ಲರೂ ಅಭಯಾರಣ್ಯಕ್ಕೇ ಹೋಗುವರು. ಆಗ ಆಟವೂ ಕೆಡುವುದು, ಅಭಯವೂ ಕೆಡುವುದು. ಆದುದರಿಂದ ದೂರದ ಕಾಡನ್ನು ರಕ್ಷಿಸಬೇಕೆಂಬ ಊರು ಮೊದಲು ತನ್ನ ಎಲ್ಲೆಯೊಳಗಿನ ತೋಪನ್ನೂ ಕೆರೆಯ ಏರಿಯನ್ನೂ ಉಳಿಸಿಕೊಳ್ಳತಕ್ಕದ್ದು. ಮುಳ್ಳಿಲ್ಲದ ಮರ, ಆಳವಿಲ್ಲದ ನೀರು ಎಂದು ಶಾಸ್ತ್ರಕಾರನು ಒಬ್ಬ ರಾಜನಿಗಾಗಿ ವಿಧಿಸಿದುದನ್ನು ಪ್ರತಿಯೊಂದು ಬೀದಿಯ ಮಗುವಿಗೂ ಒದಗಿಸುವುದೇ ಪ್ರಜಾರಾಜ್ಯದ ಉದ್ಯಾನಧರ್ಮವೆನ್ನಬಹುದು.