ವಲಯದರವೂ ದೂರದರವೂ: ಲಂಡನ್ನಿನ ಸಾಕ್ಷ್ಯದ ಮರುಪರಿಶೀಲನೆ

ನಗರಸಾರಿಗೆಯ ದರಪದ್ಧತಿಗಳು ಮುಖ್ಯವಾಗಿ ಮೂರು ಬಗೆಯವೆಂಬುದರಲ್ಲಿ ವಿವಾದವಿಲ್ಲ. ನ್ಯೂಯಾರ್ಕಿನ ಸುರಂಗ ರೈಲು 1904ರಿಂದ 1948ರವರೆಗೆ ಐದೇ ಸೆಂಟಿಗೆ ನಡೆಯಿಸಿಕೊಂಡು ಬಂದ ಏಕದರವೊಂದು. ಕ್ರಮಿಸಿದ ದಾರಿಯನ್ನು ಅಳೆದು ವಿಧಿಸುವ ದೂರದರ ಇನ್ನೊಂದು. ನಗರವನ್ನು ವಲಯಗಳಾಗಿ ವಿಭಾಗಿಸುವ ವಲಯದರ ಮೂರನೆಯದು. ಈ ಮೂರನೆಯದು ಎರಡನೆಯದರ ಒರಟು ಅನುಕರಣವೆಂದೂ, ಅಳೆಯುವ ಯಂತ್ರ ಕೈಗೆ ಬಂದೊಡನೆ ಅದು ತೊಲಗತಕ್ಕದ್ದೆಂದೂ ಹೇಳುವುದು ವಾಡಿಕೆಯಾಗಿದೆ. ಈ ಲೇಖನವು ಅದನ್ನು ಪ್ರಶ್ನಿಸುತ್ತದೆ.

ಆ ಮತಕ್ಕೆ ಗಟ್ಟಿಯಾದ ತಳಹದಿಯನ್ನು ಒದಗಿಸಿದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ನ್ಯೂಯಾರ್ಕಿನ ಸುರಂಗ ರೈಲಿಗಾಗಿ 1952ರಲ್ಲಿ ಅವರು ಸಿದ್ಧಪಡಿಸಿದ ಸಲಹೆಯಲ್ಲಿ, ಪ್ರಯಾಣದ ವೇಳೆಗೂ ಸ್ಥಳಕ್ಕೂ ತಕ್ಕಂತೆ ದರವು ಏರಿಳಿಯಬೇಕೆಂಬ ವಾದವಿತ್ತು. ಪ್ರಯಾಣಿಕನು ತಾನು ಹೊರಿಸಿದ ವೆಚ್ಚವನ್ನು ತಾನೇ ತೆರಬೇಕೆಂಬ ಈ ತತ್ತ್ವವನ್ನು ಒಪ್ಪಿದಲ್ಲಿ, ವಲಯವು ತಾತ್ಕಾಲಿಕವಾದ ಒಂದು ರಾಜಿಯೇ ಸರಿ. ಆದರೆ ಮಾರಾಟವಾಗುವ ವಸ್ತು ಪ್ರತಿಯೊಂದು ಪ್ರಯಾಣವೇ ಎಂಬ ಪೂರ್ವಗ್ರಹಿಕೆಯೊಂದು ಅದರಲ್ಲಿ ಅಡಗಿದೆ; ನನ್ನ ಭಿನ್ನಮತವಿರುವುದು ಅಲ್ಲಿಯೇ.

ಲಂಡನ್ನಿನ ವೃತ್ತಾಂತ ಸುಪರಿಚಿತವಾದುದು. 1981ರ ಅಕ್ಟೋಬರಿನಲ್ಲಿ ಬೃಹತ್ ಲಂಡನ್ ಪರಿಷತ್ತು ದರಗಳನ್ನು ಸರಾಸರಿ ಶೇಕಡ 32ರಷ್ಟು ಇಳಿಸಿತು. ಬ್ರಾಮ್ಲಿ ಬರೋ ಹೂಡಿದ ವ್ಯಾಜ್ಯದಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು ಡಿಸೆಂಬರಿನಲ್ಲಿ ಅದನ್ನು ಅಕ್ರಮವೆಂದು ತೀರ್ಪಿತ್ತುದರಿಂದ 1982ರ ಮಾರ್ಚಿನಲ್ಲಿ ದರವು ಶೇಕಡ 96ರಷ್ಟು ಏರಿತು. 1983ರ ಮೇ ತಿಂಗಳಲ್ಲಿ ಶೇಕಡ 25ರಷ್ಟು ಇಳಿಯಿತು. ಈ ಕೊನೆಯ ಇಳಿತದೊಡನೆಯೇ ಬಸ್ಸಿಗೂ ಸುರಂಗ ರೈಲಿಗೂ ಸಲ್ಲುವ ಟ್ರಾವೆಲ್‌ಕಾರ್ಡ್ ಎಂಬ ವಲಯಪಾಸು ಬಂದಿತು. 1982ರಲ್ಲಿ 50 ಕೋಟಿಗೆ ತುಸು ಕಡಮೆಯಿದ್ದ ಸುರಂಗ ರೈಲಿನ ಪ್ರಯಾಣಗಳು ದಶಕ ಮುಗಿಯುವುದರೊಳಗೆ 80 ಕೋಟಿಯನ್ನು ದಾಟಿದುವು.

ದರ ಇಳಿದುದೇ ಇದಕ್ಕೆ ಕಾರಣವೆನ್ನುವವರು ಒಂದು ಸರಳವಾದ ಗಣಿತವನ್ನು ಮಾಡಿನೋಡಬೇಕು. 1981ರ ಮೂಲದರವನ್ನು 100 ಎಂದಿಟ್ಟುಕೊಂಡರೆ, ಅದು ಮೊದಲು 68ಕ್ಕೆ ಇಳಿದು, ಬಳಿಕ 133ಕ್ಕೆ ಏರಿ, ಕಡೆಗೆ 100ಕ್ಕೇ ಮರಳಿತು. ಹೊಸದಾಗಿ ದೊರೆತುದು ಅಗ್ಗದ ಪ್ರಯಾಣವಲ್ಲ, ಒಂದು ಪ್ರದೇಶದೊಳಗೆ ಎಷ್ಟು ಬಾರಿಯಾದರೂ, ಯಾವ ವಾಹನದಲ್ಲಾದರೂ ಸಂಚರಿಸುವ ಹಕ್ಕು. ಈ ಹಕ್ಕಿಗೆ ಎಲ್ಲೆಯನ್ನು ಗೊತ್ತುಮಾಡುವುದೇ ವಲಯದ ನಿಜವಾದ ಕಾರ್ಯವೆಂದೂ, ದೂರವನ್ನು ಅಂದಾಜು ಮಾಡುವುದು ಅದಕ್ಕೆ ಆನುಷಂಗಿಕವೆಂದೂ ನನ್ನ ಪ್ರತಿಪಾದನೆ. ಆ ವರ್ಷಗಳ ಹಣದುಬ್ಬರದಿಂದ 100 ಎಂಬ ದರದ ವಾಸ್ತವಿಕ ಭಾರ ಕುಗ್ಗಿದ್ದಿತೆಂಬುದನ್ನೂ, ನಗರಮಧ್ಯದಲ್ಲಿ ಉದ್ಯೋಗಗಳು ಹೆಚ್ಚಿದುವೆಂಬುದನ್ನೂ ಒಪ್ಪಲೇಬೇಕು. ಏರಿಕೆಯ ಎಷ್ಟು ಪಾಲು ಪಾಸಿನದೆಂದು ಈ ಅಂಕಿಗಳಿಂದ ನಿಷ್ಕರ್ಷಿಸಲಾಗದು. ದರ ಇಳಿತವೊಂದೇ ಸಾಕಾದ ಕಾರಣವಲ್ಲವೆಂದಷ್ಟೇ ಹೇಳಬಹುದು.

ನನಗೆ ಇದಕ್ಕಿಂತ ಬಲವಾಗಿ ತೋರುವ ಸಾಕ್ಷ್ಯವು ಈಚಿನದು. 2003ರಲ್ಲಿ ಬಂದ ಆಯ್ಸ್ಟರ್ ಕಾರ್ಡು ರೈಲು ಪ್ರಯಾಣಿಕನು ಹೊಕ್ಕ ನಿಲ್ದಾಣವನ್ನೂ ಹೊರಬಂದ ನಿಲ್ದಾಣವನ್ನೂ ದಾಖಲಿಸತೊಡಗಿತು. ದೂರವನ್ನಳೆಯಲು ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಕಿರಲಿಲ್ಲ. ಆದರೂ ವಲಯಗಳು ಅಳಿಯಲಿಲ್ಲ. 2005ರಲ್ಲಿ ಜಾರಿಗೆ ಬಂದ ದಿನದ ಗರಿಷ್ಠ ದರದ ಮಿತಿಯು ಆ ವಲಯಗಳನ್ನೇ ಆಶ್ರಯಿಸಿತು. ವಲಯದ ಗಡಿಯನ್ನು ದಾಟಿದ ಮಾತ್ರಕ್ಕೆ ದರವೇರುವುದು ಅನ್ಯಾಯವೆಂಬ ಆಕ್ಷೇಪಕ್ಕೂ ಅಲ್ಲಿಯೇ ಸಮಾಧಾನವಿದೆ: 2016ರಲ್ಲಿ ಸ್ಟ್ರಾಟ್‌ಫರ್ಡನ್ನು ಎರಡನೆಯ, ಮೂರನೆಯ ವಲಯಗಳೆರಡಕ್ಕೂ ಸೇರಿಸಿದಂತೆ, ಗಡಿಯ ನಿಲ್ದಾಣವನ್ನು ಪ್ರಯಾಣಿಕನಿಗೆ ಅನುಕೂಲವಾದ ಕಡೆಗೆ ಎಣಿಸಬಹುದು. ವಲಯಗಳು ಉಳಿದುದಕ್ಕೆ ಬರಿಯ ಆಡಳಿತಜಾಡ್ಯವೇ ಕಾರಣವೆನ್ನುವವರಿಗೆ ನಾನು ಪೂರ್ಣವಾಗಿ ಉತ್ತರಿಸಲಾರೆ.

ಪ್ರತಿಪಕ್ಷಕ್ಕೆ ಸಿಂಗಪುರದ ಬಲವಿದೆ. 2010ರಿಂದ ಅಲ್ಲಿ ಬಸ್ಸಿನಿಂದ ರೈಲಿಗೆ ಬದಲಿಸಿದರೂ ಒಟ್ಟು ದೂರಕ್ಕೇ ದರವಿರುವುದರಿಂದ, ವಾಹನ ಬದಲಾವಣೆಯ ದಂಡವನ್ನು ನೀಗಲು ವಲಯವೇ ಬೇಕೆಂದು ವಾದಿಸುವಂತಿಲ್ಲ. ನಮ್ಮ ಬೆಂಗಳೂರಿನಲ್ಲಾದರೋ ಬಿ.ಎಂ.ಟಿ.ಸಿ. ಪಾಸು ನಗರವ್ಯಾಪಿಯಾದ ಹಕ್ಕನ್ನು ಕೊಡುತ್ತಿದ್ದರೆ, 2025ರ ಫೆಬ್ರವರಿಯಲ್ಲಿ ಪರಿಷ್ಕೃತವಾದ ಮೆಟ್ರೊ ದರವು 10 ರೂಪಾಯಿಯಿಂದ 90ರವರೆಗೆ ದೂರವನ್ನೇ ಅನುಸರಿಸುತ್ತದೆ. ಇವೆರಡನ್ನು ಒಂದೇ ಪಾಸಿನಲ್ಲಿ ಕೂಡಿಸುವುದಾದರೆ, ಲಂಡನ್ನಿನ ಏಕಕೇಂದ್ರ ವಲಯಗಳು, ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿಗೆ ಮೆಜೆಸ್ಟಿಕ್ಕನ್ನು ಮುಟ್ಟದೆಯೇ ಹೋಗುವ ಜನರಿರುವ ಈ ಬಹುಕೇಂದ್ರ ನಗರಕ್ಕೆ ಒಗ್ಗುವುವೇ ಎಂಬುದು ಪ್ರತ್ಯೇಕವಾದ ಪರಿಶೀಲನೆಯನ್ನು ಬೇಡುತ್ತದೆ.