ಹಿಮಶಿಲ್ಪ ಛಾಯಾಗ್ರಹಣ

ಕೆಲವೇ ಗಂಟೆಗಳಲ್ಲಿ ಕರಗಿಹೋಗುವ ಮಂಜುಗಡ್ಡೆಯ ಶಿಲ್ಪಗಳನ್ನು, ಅವುಗಳ ಲಯವೂ ಕೃತಿಯ ಅಂಗವೆಂದೇ ಭಾವಿಸಿ, ಛಾಯಾಚಿತ್ರಗಳಲ್ಲಿ ಹಿಡಿದಿಡುವ ಕಲಾಪದ್ಧತಿ. ಬ್ರಿಟಿಷ್ ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ಹಿಮದ ಕಡ್ಡಿಗಳನ್ನು ಬೆಸೆದು ರಚಿಸಿದ ನಕ್ಷತ್ರಾಕೃತಿಗಳು ಇಂದು ಉಳಿದಿರುವುದು ಚಿತ್ರಗಳಲ್ಲಿ ಮಾತ್ರ. ಬ್ರೆಜಿಲಿನ ಕಲಾವಿದೆ ನೇಲೆ ಅಜೆವೆಡೊ 2009ರ ಸೆಪ್ಟೆಂಬರಿನಲ್ಲಿ ಬರ್ಲಿನ್ನಿನ ಸಂಗೀತಭವನದ ಮೆಟ್ಟಿಲುಗಳ ಮೇಲೆ ಗೇಣುದ್ದದ 1000 ನರಾಕೃತಿಗಳನ್ನು ಕುಳ್ಳಿರಿಸಿದಾಗ, ಅವು ಒಂದೊಂದಾಗಿ ಬಾಗಿ, ಕುಸಿದು, ಕಲ್ಲಿನ ಮೇಲೆ ಬರಿಯ ತೇವವಾಗಿ ಉಳಿದ ಹೃದಯವಿದ್ರಾವಕ ದೃಶ್ಯವು ಲೋಕವನ್ನು ತಲುಪಿದ್ದು ಛಾಯಾಚಿತ್ರಗಳಿಂದಲೇ. ಸ್ಮಾರಕಗಳ ದರ್ಪವನ್ನು ಪ್ರಶ್ನಿಸಲೆಂದು ಜನಿಸಿದ ಈ ಕೃತಿಶ್ರೇಣಿಯು ಹವಾಮಾನ ವೈಪರೀತ್ಯದ ಪ್ರತೀಕವಾದದ್ದು ಅನಂತರ. 2015ರ ಪ್ಯಾರಿಸ್ ಹವಾಮಾನ ಸಮ್ಮೇಳನದ ಸಮಯದಲ್ಲಿ ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಭೂವಿಜ್ಞಾನಿ ಮಿನಿಕ್ ರೋಸಿಂಗ್ ಗ್ರೀನ್‌ಲ್ಯಾಂಡಿನ 12 ಹಿಮಬಂಡೆಗಳನ್ನು ಗಡಿಯಾರದಂತೆ ಜೋಡಿಸಿದರು.

ಇಂಥ ಹಿಮಶಿಲ್ಪಗಳನ್ನು ಕಾಣದ ಕರ್ನಾಟಕದ ದೊಡ್ಡಬಳ್ಳಾಪುರದ ಸೀಮೆಯವರು ಬಲ್ಲ ಹಿಮವೆಂದರೆ ಆಲಿಕಲ್ಲು. ಬೇಸಗೆಯ ಗುಡುಗುಮಳೆಯೊಡನೆ ಸುರಿದು, ದ್ರಾಕ್ಷಿಯ ಗೊಂಚಲುಗಳನ್ನು ಸೀಳಿ, ಅರೆಗಳಿಗೆಯಲ್ಲಿ ನೀರಾಗುವ ಅದನ್ನು ಬೆಳೆಗಾರನು ಬೆಳೆನಷ್ಟದ ಪರಿಹಾರಕ್ಕಾಗಿ ಮೊಬೈಲಿನಲ್ಲಿ ಸೆರೆಹಿಡಿಯುವನು. ಕಲೆಯ ಉದ್ದೇಶವಿಲ್ಲದಿದ್ದರೂ ಇಂಥ ಚಿತ್ರಗಳು ಈ ಪ್ರಕಾರದ ಬಂಧುಗಳೆಂದೇ ಗಣ್ಯವಾಗತಕ್ಕವು. ಒಂದು ಮಳೆಯ ಚಿತ್ರವು ಹವಾಮಾನ ಬದಲಾವಣೆಗೆ ಸಾಕ್ಷಿಯಾಗಲಾರದು; ದಿನಾಂಕ, ಸ್ಥಳಗಳೊಡನೆ ದಶಕಗಳ ಕಾಲ ಸಂಗ್ರಹಿಸಿದ ಚಿತ್ರಗಳು ಮಳೆಮಾಪನದ ದಾಖಲೆಗಳಿಗೆ ಪೂರಕವಾಗಬಲ್ಲವು.